ಜಗಲಿಗೆ ಜಾಗವಿಲ್ಲದ ನಕ್ಷೆ

ಹಳೆಯ ಮನೆ ಬಿಚ್ಚಿ ಹೊಸದು ಕಟ್ಟುವಾಗ ಊರಿನ ಗುರುತು ಉಳಿಸಿಕೊಳ್ಳಲು ಸಾಧ್ಯವೇ, ಸಾಧ್ಯವಾದರೆ ಹೇಗೆ ಎಂಬ ಪ್ರಶ್ನೆ ಈ ಅಂಕಣಕ್ಕೆ ಮತ್ತೆ ಮತ್ತೆ ಬರುತ್ತದೆ. ಕೇಳುವವರಲ್ಲಿ ಎರಡು ಬಗೆ. ಕೆಲವರಿಗೆ ತುಮಕೂರಿನ ಚಿಕ್ಕಪೇಟೆಯಲ್ಲೋ ಗುಬ್ಬಿಯ ಪೇಟೆಬೀದಿಯಲ್ಲೋ ಅಜ್ಜನ ಕಾಲದ ತೊಟ್ಟಿ ಮನೆ ಇದೆ, ಸೋರುತ್ತಿದೆ, ದಾಯಾದಿಗಳು ಭಾಗ ಕೇಳುತ್ತಿದ್ದಾರೆ. ಇನ್ನು ಕೆಲವರು ಹೆದ್ದಾರಿ ಬದಿಯ ಬಡಾವಣೆಯಲ್ಲಿ ಸೈಟು ಕೊಂಡವರು; ಕಟ್ಟುವ ಮನೆ ನಮ್ಮ ಕಡೆಯ ಮನೆಯಂತೆ ಕಾಣಬೇಕೆಂಬ ಆಸೆ ಅವರದು. ಇಬ್ಬರಿಗೂ ಸಾಮಾನ್ಯವಾಗಿ ಸಿಗುವ ಸಲಹೆ ಒಂದೇ: ಕಾಂಕ್ರೀಟ್ ಮನೆ ಕಟ್ಟಿ, ಮುಂದೆ ಕೆತ್ತನೆಯ ಎರಡು ಕಂಬ ನಿಲ್ಲಿಸಿ, ಸಜ್ಜದ ಮೇಲೆ ನಾಲ್ಕು ಸಾಲು ಮಂಗಳೂರು ಹೆಂಚು ಹೊದಿಸಿ. ಆ ಸಲಹೆ ಕೊಡುವವರ ಪ್ರೀತಿಯನ್ನು ನಾನು ಅನುಮಾನಿಸುವುದಿಲ್ಲ. ಆದರೆ ಅದು ಗುರುತನ್ನು ತಪ್ಪು ಜಾಗದಲ್ಲಿ ಹುಡುಕುತ್ತದೆ. ನಮ್ಮ ಸೀಮೆಯ ಮನೆಯ ಗುರುತು ಇರುವುದು ಬೀದಿಗೆ ತೆರೆದ ಜಗಲಿ, ಒಳಗೆ ಆಕಾಶಕ್ಕೆ ತೆರೆದ ತೊಟ್ಟಿ, ಪಕ್ಕದ ಮನೆಯೊಂದಿಗೆ ಹಂಚಿಕೊಂಡ ಗೋಡೆ, ಈ ಮೂರರ ಜೋಡಣೆಯಲ್ಲಿ. ಈ ಜೋಡಣೆ ಇಂದು ಕೆಡುತ್ತಿರುವುದಕ್ಕೆ ಮನೆಯವರ ಅಭಿರುಚಿಗಿಂತ ನಕ್ಷೆ ಮಂಜೂರು ಮಾಡುವ ನಿಯಮಗಳೇ ಹೆಚ್ಚಿನ ಕಾರಣ ಎಂಬುದು ನನ್ನ ವಾದ.

ಮೊದಲು ಮನೆಯನ್ನೇ ನೋಡೋಣ. ತುಮಕೂರು ಸೀಮೆಯಲ್ಲಿ ವರ್ಷಕ್ಕೆ ಬೀಳುವುದು ಸುಮಾರು 600ರಿಂದ 700 ಮಿಲಿಮೀಟರ್ ಮಳೆ. ಕಾಲಡಿಯಲ್ಲಿ ಗಟ್ಟಿ ಬಂಡೆಗಲ್ಲು, ಅದರ ಮೇಲೆ ಕೆಂಪು ಮಣ್ಣು. ಮನೆ ಹುಟ್ಟಿದ್ದು ಇವುಗಳಿಂದಲೇ. ಕಲ್ಲಿನ ತಳಪಾಯ, ಒಂದೂವರೆ ಎರಡು ಅಡಿ ದಪ್ಪದ ಮಣ್ಣಿನ ಗೋಡೆ, ಮರದ ಇಲ್ಲವೇ ಕಲ್ಲಿನ ಕಂಬ, ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತೆ. ಮಳೆ ಇನ್ನೂ ಕಡಿಮೆಯಾದ ಶಿರಾ, ಮಧುಗಿರಿ, ಪಾವಗಡದ ಕಡೆ ಜಂತೆಯ ಮೇಲೆ ಕಡ್ಡಿ, ಸೊಪ್ಪು ಹಾಸಿ ಮಣ್ಣು ಹೇರಿ ಮಾಳಿಗೆ ಮಾಡುತ್ತಿದ್ದರು. ಎಲ್ಲಕ್ಕೂ ಮೇಲೆ ಚೌಳು ಮಣ್ಣಿನ ಪದರ. ಬೆಳೆಗೆ ಬಾರದ ಆ ಮಣ್ಣು ಮಾಳಿಗೆಗೆ ಮಾತ್ರ ಹೇಳಿ ಮಾಡಿಸಿದಂಥದ್ದು: ಅದರಲ್ಲಿರುವ ಉಪ್ಪಿನ ಗುಣದಿಂದ ನೀರು ಬಿದ್ದೊಡನೆ ಅತಿ ಸಣ್ಣ ಕಣಗಳು ಬಿಡಿಬಿಡಿಯಾಗಿ ಹರಡಿ ಸಂದುಗಳನ್ನು ಮುಚ್ಚುತ್ತವೆ, ನೀರು ಕೆಳಗಿಳಿಯುವುದಿಲ್ಲ. ತೋಟಗಳು ಹೆಚ್ಚಿರುವ ಗುಬ್ಬಿ, ಕುಣಿಗಲ್ ಕಡೆ ನಾಡಹೆಂಚಿನ ಇಳಿಜಾರು ಮಾಡೂ ಸಾಮಾನ್ಯವಾಗಿತ್ತು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದ ಮೇಲೆ ಬಂದದ್ದು ಮಂಗಳೂರು ಹೆಂಚು. ಎಂದರೆ, ಇಂದು ನಮ್ಮ ಪರಂಪರೆಯ ಲಾಂಛನವೆಂದು ಸಜ್ಜದ ಮೇಲೆ ಕೂರಿಸುವ ಆ ಹೆಂಚು ಈ ಸೀಮೆಗೆ ಬಂದು ಬಹಳ ಕಾಲವೇನೂ ಆಗಿಲ್ಲ. ಹೆಂಚು ಬದಲಾದರೂ ಮನೆ ನಮ್ಮದೇ ಆಗಿ ಉಳಿದದ್ದು ಅದರ ಕೆಳಗಿನ ಜೋಡಣೆ ಬದಲಾಗದಿದ್ದುದರಿಂದ.

ಆ ಜೋಡಣೆಯ ಅಳತೆ ಅಂಕಣ. ಎರಡು ಕಂಬಗಳ ನಡುವಿನ ಜಾಗ ಒಂದು ಅಂಕಣ; ಮನೆ ದೊಡ್ಡದೋ ಚಿಕ್ಕದೋ ಎಂಬುದನ್ನು ಇಷ್ಟು ಅಂಕಣದ ಮನೆ ಎಂದೇ ಹೇಳುತ್ತಿದ್ದರು. ಸಂಸಾರ ಬೆಳೆದರೆ ಒಂದು ಅಂಕಣ ಕೂಡಿಸಬಹುದಿತ್ತು. ಬೀದಿಯಿಂದ ಜಗಲಿ, ಜಗಲಿಯಿಂದ ಪಡಸಾಲೆ, ನಡುವೆ ತೊಟ್ಟಿ, ತೊಟ್ಟಿಯ ಸುತ್ತ ಕೈಸಾಲೆ, ಆಚೆಗೆ ನಡುಮನೆ, ಅಡುಗೆಮನೆ, ಕೊನೆಗೆ ಹಿತ್ತಿಲು. ಬಿಸಿಯಾದ ಗಾಳಿ ತೊಟ್ಟಿಯಿಂದ ಮೇಲೇರುತ್ತದೆ, ಅದರ ಜಾಗಕ್ಕೆ ಜಗಲಿಯ ಕಡೆಯಿಂದಲೋ ಹಿತ್ತಿಲ ಕಡೆಯಿಂದಲೋ ತಂಪು ಗಾಳಿ ಒಳಬರುತ್ತದೆ. ದಪ್ಪ ಮಣ್ಣಿನ ಗೋಡೆ ಹಗಲಿನ ಕಾವನ್ನು ನಿಧಾನವಾಗಿ ಹೀರಿಕೊಳ್ಳುವುದರಿಂದ ಮಧ್ಯಾಹ್ನದ ಬಿಸಿ ಒಳಗೆ ತಲುಪುವಷ್ಟರಲ್ಲಿ ಹೊರಗೆ ಸಂಜೆಯಾಗಿರುತ್ತದೆ. ನಾಲ್ಕೈದು ಅಂಗುಲದ ಕಾಂಕ್ರೀಟ್ ತಾರಸಿ ಮಾಡುವುದು ಇದರ ತಿರುವುಮುರುವು: ಹಗಲಿಡೀ ಬಿಸಿಲು ಕುಡಿದು ರಾತ್ರಿ ಮಲಗಿದವರ ಮೇಲೆ ಕಾವು ಸುರಿಸುತ್ತದೆ. ಇನ್ನು ಅಟ್ಟದ ಮಾತು. ತಿಪಟೂರು, ಗುಬ್ಬಿ ಸೀಮೆಯ ಉಂಡೆ ಕೊಬ್ಬರಿ ಆಗುವುದು ಬಲಿತ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಬಿಟ್ಟಾಗ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲುಗಿಸಿದರೆ ಗುಡುಗುಡು ಎನ್ನುವವರೆಗೆ ಕಾಯಬೇಕು. ಅಷ್ಟು ದಿನ ಮಳೆಯ ತೇವ ತಾಗದೆ, ಗಾಳಿ ಆಡುತ್ತಾ, ಕೆಳಗಿನಿಂದ ಹದವಾದ ಬಿಸುಪು ಸಿಗುವ ಜಾಗ ಹೆಂಚಿನ ಮಾಡಿನ ಕೆಳಗಿನ ಅಟ್ಟವೇ. ಹೀಗಾಗಿ ಈ ಕಡೆಯ ಮನೆಯ ಎತ್ತರ, ತೊಲೆಯ ಗಟ್ಟಿತನ ಎರಡನ್ನೂ ನಿರ್ಧರಿಸುವಲ್ಲಿ ತೋಟದ ಪಾಲೂ ಇತ್ತು. ತೋಟವಿದ್ದವರು ಮನೆ ಬಿಚ್ಚಿ ತಾರಸಿ ಹಾಕಿಸಿದ ಮೇಲೆ ಕೊಬ್ಬರಿಗೆಂದೇ ಬೇರೆ ಶೆಡ್ಡು ಕಟ್ಟಿಸಬೇಕಾಗುತ್ತದೆ.

ಪೇಟೆಯ ಮನೆಗೆ ಇದೇ ಜೋಡಣೆ ಬೇರೆ ಕೆಲಸ ಮಾಡುತ್ತಿತ್ತು. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಗುಬ್ಬಿಯನ್ನು ದೊಡ್ಡ ವ್ಯಾಪಾರದ ಊರೆಂದು ಗುರುತಿಸಿದ್ದಾನೆ. ಅಡಿಕೆ, ಕೊಬ್ಬರಿ, ಬಟ್ಟೆ, ಬೆಲ್ಲದ ವಹಿವಾಟು ನಡೆಯುವ ಊರಿನಲ್ಲಿ ಜಗಲಿಯೇ ಅಂಗಡಿ, ಜಗಲಿಯೇ ಲೆಕ್ಕದ ಕೋಣೆ, ಸಂಜೆಯಾದರೆ ಬೀದಿಯವರ ಕೂಟ. ಗೋಡೆಗೆ ಗೋಡೆ ತಾಗಿದ ಮನೆಗಳ ಸಾಲಿನಲ್ಲಿ ಜಗಲಿಗಳೂ ಒಂದರ ಪಕ್ಕ ಒಂದು ಬಂದು ಬೀದಿಯುದ್ದಕ್ಕೂ ನೆರಳಿನ ದಾರಿಯಾಗುತ್ತಿತ್ತು. ಆ ದಾರಿ ಯಾವ ಒಂದು ಮನೆಯದೂ ಆಗಿರಲಿಲ್ಲ. ಒಂದು ಒಳ್ಳೆಯ ಹಳೆಯ ಮನೆಯನ್ನು ಮಾತ್ರ ಉಳಿಸಿ ಅದರ ಎಡಬಲ ಎರಡನ್ನೂ ನಾಲ್ಕಂತಸ್ತು ಮಾಡಿದರೆ ಮನೆ ಉಳಿದರೂ ಬೀದಿ ಹೋಯಿತು. ಆದ್ದರಿಂದ ಉಳಿಸಬೇಕಾದ ಘಟಕ ಸಾಲು ಎಂದು ನಾನು ಹೇಳುತ್ತೇನೆ. ಹತ್ತು ಸಾಧಾರಣ ಮನೆಗಳ ಅಖಂಡ ಸಾಲು ಒಂಟಿಯಾಗಿ ನಿಂತ ಒಂದು ಭವ್ಯ ಮನೆಗಿಂತ ಹೆಚ್ಚು ಬೆಲೆಯುಳ್ಳದ್ದು.

ಈಗ ನಿಯಮಕ್ಕೆ ಬರೋಣ. ನಮ್ಮ ಊರುಗಳಲ್ಲಿ ನಕ್ಷೆ ಮಂಜೂರಾಗುವ ನಿಯಮಗಳ ಹಿಂದಿರುವ ಕಲ್ಪನೆ ಬಡಾವಣೆಯ ಸೈಟು: 30 ಅಡಿಗೆ 40 ಅಡಿ, ಇಲ್ಲವೇ 40ಕ್ಕೆ 60. ಅದರ ನಡುವೆ ಮನೆ, ಮುಂದೆ ಇಷ್ಟು, ಹಿಂದೆ ಇಷ್ಟು, ಪಕ್ಕಕ್ಕೆ ಇಷ್ಟು ಎಂದು ಬಿಡುವ ಜಾಗಕ್ಕೆ ಸೆಟ್‌ಬ್ಯಾಕ್ ಎನ್ನುತ್ತಾರೆ. ಬಂಗಲೆ ಮಾದರಿಯ ಮನೆಗೆ ಇದು ಸರಿಯಾದ ನಿಯಮವೇ. ಗಾಳಿ ಬೆಳಕು ಬರಬೇಕು, ಬೆಂಕಿ ಬಿದ್ದರೆ ಪಕ್ಕಕ್ಕೆ ಹಬ್ಬಬಾರದು. ಆದರೆ ಪೇಟೆಯ ಹಳೆಯ ಜಾಗ ಅಗಲ ಕಿರಿದು, ಉದ್ದ ಹಿರಿದು. ಹದಿನೈದು ಅಡಿ ಅಗಲದ ಜಾಗದಲ್ಲಿ ಎರಡೂ ಪಕ್ಕ ಮೂರು ಮೂರು ಅಡಿ ಬಿಟ್ಟರೆ ಉಳಿಯುವುದು ಒಂಬತ್ತು ಅಡಿ, ಒಂದು ಕೋಣೆ. ಚಿಕ್ಕ ನಿವೇಶನಗಳಿಗೆ ಸಡಿಲಿಕೆ ಕೊಟ್ಟರೂ ಮೂಲ ತೊಂದರೆ ಉಳಿಯುತ್ತದೆ. ತೊಟ್ಟಿ ಮನೆಯಲ್ಲಿ ಗಾಳಿ ಬೆಳಕಿನ ಜಾಗ ಒಳಗಿರುತ್ತದೆ. ನಿಯಮ ಅದನ್ನು ಹೊರಗೆ ಬಿಡು ಎನ್ನುತ್ತದೆ. ಹೊರಗೂ ಬಿಟ್ಟು ಒಳಗೂ ಬಿಡುವಷ್ಟು ಜಾಗ ಯಾರ ಹತ್ತಿರವೂ ಇರುವುದಿಲ್ಲ. ಹಾಗಾಗಿ ಹಳೆಯದನ್ನು ಬಿಚ್ಚಿದ ದಿನವೇ ತೊಟ್ಟಿ ಮುಚ್ಚಿಹೋಗುತ್ತದೆ, ಗೋಡೆಗಳು ಬೇರೆಯಾಗುತ್ತವೆ, ಜಗಲಿಯಿದ್ದ ಜಾಗ ಸ್ಕೂಟರು ಕಾರು ನಿಲ್ಲಿಸುವ ಜಾಗವಾಗುತ್ತದೆ. ರಸ್ತೆ ಅಗಲೀಕರಣ ಬಂದರಂತೂ ಮೊದಲು ಹೋಗುವುದೇ ಜಗಲಿ. ಆಮೇಲೆ ಮಾಲೀಕ ಎಷ್ಟೇ ಆಸೆಯಿಂದ ಕೆತ್ತನೆಯ ಕಂಬ ತಂದರೂ ಆ ಕಂಬಕ್ಕೆ ಹೊರುವ ಕೆಲಸವೂ ಇಲ್ಲ, ಕೂರುವ ಜನವೂ ಇಲ್ಲ.

ಇದು ಸ್ಥಳೀಯ ಕಚೇರಿಯೊಂದರ ಅಲಕ್ಷ್ಯದಿಂದ ಆದದ್ದಲ್ಲ. ದೇಶದ ನೀತಿಯೇ ಪರಂಪರೆಯನ್ನು ಒಂದು ಪೆಟ್ಟಿಗೆಯಲ್ಲಿ, ಅಭಿವೃದ್ಧಿಯನ್ನು ಇನ್ನೊಂದರಲ್ಲಿ ಇಟ್ಟಿದೆ. 2015ರ ಜನವರಿಯಲ್ಲಿ ಕೇಂದ್ರ ಸರ್ಕಾರ ಪಾರಂಪರಿಕ ನಗರಗಳಿಗಾಗಿ ಹೃದಯ್ ಯೋಜನೆ ತಂದಿತು. ಆಯ್ಕೆಯಾದ 12 ಊರುಗಳಲ್ಲಿ ಕರ್ನಾಟಕದ್ದು ಬಾದಾಮಿ ಒಂದೇ. ಅದೇ ವರ್ಷದ ಜೂನ್‌ನಲ್ಲಿ ಸ್ಮಾರ್ಟ್ ಸಿಟಿ ಯೋಜನೆ ಬಂತು. 2016ರ ಸೆಪ್ಟೆಂಬರ್ ಪಟ್ಟಿಯಲ್ಲಿ ಮಂಗಳೂರು, ಶಿವಮೊಗ್ಗ, ಹುಬ್ಬಳ್ಳಿ-ಧಾರವಾಡಗಳೊಂದಿಗೆ ತುಮಕೂರೂ ಸೇರಿತು. ಆ ಯೋಜನೆಯ ಮಾರ್ಗಸೂಚಿಯಲ್ಲಿ ಮರು ಅಭಿವೃದ್ಧಿ ಎಂದರೆ ಕನಿಷ್ಠ 50 ಎಕರೆ ಪ್ರದೇಶದ ಹಳೆಯ ಕಟ್ಟಡಗಳ ಜಾಗದಲ್ಲಿ ಹೆಚ್ಚು ಎತ್ತರ, ಹೆಚ್ಚು ದಟ್ಟಣೆಯ ಹೊಸ ನಿರ್ಮಾಣ. ತುಮಕೂರಿಗೆ ಅದರಿಂದ ಒಳ್ಳೆಯ ರಸ್ತೆ, ಬಸ್ ನಿಲ್ದಾಣ, ಕ್ರೀಡಾಂಗಣ, ಅಮಾನಿಕೆರೆಯ ದಂಡೆಗೆ ಹೊಸ ರೂಪ ಸಿಕ್ಕಿದೆ. ಅದನ್ನು ಅಲ್ಲಗಳೆಯುವುದು ಅನ್ಯಾಯ. ಆದರೆ ಪೇಟೆಯ ಮನೆ ಎರಡೂ ಪೆಟ್ಟಿಗೆಗಳಿಂದ ಹೊರಗೇ ಉಳಿಯಿತು. ಕಾನೂನಿನ ಕಥೆಯೂ ಹೀಗೆಯೇ. 1958ರ ಕೇಂದ್ರ ಕಾಯ್ದೆ, 1961ರ ರಾಜ್ಯ ಕಾಯ್ದೆ ಎರಡೂ ಸ್ಮಾರಕಗಳನ್ನು ಕಾಯುವುದಕ್ಕೆಂದು ರೂಪುಗೊಂಡವು. ದೇಗುಲವಾದರೆ, ಕೋಟೆಯಾದರೆ ಅವುಗಳಲ್ಲಿ ಜಾಗವಿದೆ. ಜನ ಇನ್ನೂ ಬದುಕುತ್ತಿರುವ, ಶಾಸನವೂ ಶಿಲ್ಪವೂ ಇಲ್ಲದ ಮನೆಗೆ, ಬಯಲಿಗೆ ಅಂಥ ಕಾವಲಿಲ್ಲ. ಟಿಪ್ಪುವಿನ ಕಾಲದಿಂದ ಕುದುರೆ ಸಾಕುತ್ತ ಬಂದ ಕುಣಿಗಲ್ ಸ್ಟಡ್ ಫಾರಂನ ಜಮೀನಿನಲ್ಲೇ ಟೌನ್‌ಶಿಪ್ ಮಾಡುವ ಪ್ರಸ್ತಾಪ ಬರಬಹುದಾದರೆ, ಹೆಸರಿಲ್ಲದ ಒಂದು ಪೇಟೆಬೀದಿಯ ಗತಿ ಊಹಿಸಬಹುದು.

ನಮ್ಮದಷ್ಟೇ ತೊಂದರೆ ಇದಲ್ಲ. ಮಲೇಷ್ಯಾದ ರಾಜಧಾನಿ ಕೌಲಾಲಂಪುರದಲ್ಲಿ ಇದೇ ಚರ್ಚೆ ದಶಕಗಳಿಂದ ನಡೆಯುತ್ತಿದೆ, ಅದರಲ್ಲಿ ನಮಗೆ ಪಾಠವಿದೆ. ಮಲಯ ಜನರ ಸಾಂಪ್ರದಾಯಿಕ ಮನೆ ಮರದ್ದು, ಕಂಬಗಳ ಮೇಲೆ ನೆಲದಿಂದ ಎತ್ತರದಲ್ಲಿ ನಿಂತದ್ದು. ಮುಂದೆ ಸೆರಾಂಬಿ ಎಂಬ ನೆರಳಿನ ಚಾವಡಿ, ಹೆಚ್ಚುಕಡಿಮೆ ನಮ್ಮ ಜಗಲಿಯ ಕೆಲಸವೇ ಅದಕ್ಕೆ. ಸ್ವಾತಂತ್ರ್ಯ ಬಂದ ಮೇಲೆ ಹೊಸ ರಾಷ್ಟ್ರಕ್ಕೆ ಗುರುತು ಬೇಕೆಂದಾಗ 1963ರಲ್ಲಿ ತೆರೆದ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಮಿನಾಂಗ್‌ಕಬಾವ್ ಶೈಲಿಯ, ಎರಡೂ ತುದಿ ಮೇಲಕ್ಕೆ ಬಾಗಿದ ದೊಡ್ಡ ಮಾಡು ಕೂರಿಸಿದರು. ಕಟ್ಟಡ ಚೆಂದವೇ ಇದೆ. ಆದರೆ ಮಾಡಿನ ಆಕಾರವನ್ನು ಕಾಂಕ್ರೀಟಿನ ಮೇಲೆ ತಂದಿಟ್ಟರೆ ಗುರುತು ಉಳಿದಂತೆ ಎಂಬ ದಾರಿ ಅಲ್ಲಿಂದ ಸುಲಭವಾಯಿತು. ಅದೇ ನಗರದಲ್ಲಿ 1900ರ ಸುಮಾರಿಗೆ ಬ್ರಿಟಿಷರ ಆಳ್ವಿಕೆಯಲ್ಲಿ ಮಲಯರಿಗೆಂದೇ ಮೀಸಲಾಗಿ ಹುಟ್ಟಿದ ಕಂಪುಂಗ್ ಬಾರು ಎಂಬ ಕೇರಿಯಿದೆ. ಮರದ ಮನೆಗಳ ನೆತ್ತಿಯ ಮೇಲೆ ಈಗ ಪೆಟ್ರೊನಾಸ್ ಗೋಪುರಗಳು ಕಾಣುತ್ತವೆ. ಅಲ್ಲಿನ ಮರು ಅಭಿವೃದ್ಧಿ ವರ್ಷಗಟ್ಟಲೆ ಎಳೆದಾಡುತ್ತಿರುವುದಕ್ಕೆ ಒಂದು ದೊಡ್ಡ ಕಾರಣ ವಾರಸುದಾರಿಕೆ. ತಲೆಮಾರು ಕಳೆದಂತೆ ಒಂದೊಂದು ತುಂಡು ಜಾಗಕ್ಕೂ ಹಲವು ಹಕ್ಕುದಾರರು. ಎಲ್ಲರೂ ಒಪ್ಪದೆ ಮಾರುವಂತಿಲ್ಲ, ಒಬ್ಬರೇ ದುಡ್ಡು ಹಾಕಿ ದುರಸ್ತಿ ಮಾಡಿಸುವವರೂ ಇಲ್ಲ.

ಈ ಮಾತು ನಮ್ಮ ಪೇಟೆಗಳಿಗೆ ಅಕ್ಷರಶಃ ಹೊಂದುತ್ತದೆ. ತೊಟ್ಟಿ ಮನೆ ಕೂಡು ಕುಟುಂಬಕ್ಕೆ ಕಟ್ಟಿದ್ದು. ಅಣ್ಣತಮ್ಮಂದಿರು ಬೇರೆಯಾದಾಗ ತೊಟ್ಟಿಯ ನಡುವೆಯೇ ಗೋಡೆ ಎದ್ದಿತು, ಒಬ್ಬರಿಗೆ ಜಗಲಿ, ಇನ್ನೊಬ್ಬರಿಗೆ ಹಿತ್ತಿಲು. 2005ರ ತಿದ್ದುಪಡಿಯಿಂದ ದೇಶದಾದ್ಯಂತ ಹೆಣ್ಣುಮಕ್ಕಳಿಗೂ ಸಮಪಾಲು ಬಂತು, ಬರಬೇಕಾದದ್ದೇ. ಅದರೊಂದಿಗೆ ಒಂದು ಮನೆಗೆ ಹಕ್ಕುದಾರರ ಸಂಖ್ಯೆಯೂ ಹೆಚ್ಚಿತು. ಆರು ಜನರಿಗೆ ಪಾಲಾಗಬೇಕಾದ ಮನೆಯನ್ನು ದುರಸ್ತಿ ಮಾಡಿಸಿ ಉಳಿಸಿಕೊಳ್ಳಿ ಎಂದು ಉಪದೇಶ ಮಾಡುವುದು ಸುಲಭ. ಆ ಆರು ಜನರಿಗೆ ದುಡ್ಡಾಗಿ ಬರುವುದು ಮನೆ ನೆಲಸಮವಾಗಿ ಜಾಗ ಮಾರಾಟವಾದಾಗ ಮಾತ್ರ ಎಂಬುದು ಇಂದಿನ ವಾಸ್ತವ. ಮನೆ ಉಳಿದೂ ಅವರ ಪಾಲು ಕೈಗೆ ಸಿಗುವ ದಾರಿ ತೋರಿಸದಿದ್ದರೆ ಪರಂಪರೆಯ ಮಾತು ಅವರಿಗೆ ಅನ್ಯರ ಹಟವಾಗಿಯೇ ಕೇಳುತ್ತದೆ. ಆ ದಾರಿ ಇದೆ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14ಬಿ ಕಲಮಿನಲ್ಲಿ ರಸ್ತೆಯಂಥ ಸಾರ್ವಜನಿಕ ಉದ್ದೇಶಕ್ಕೆ ಜಾಗ ಬಿಟ್ಟುಕೊಟ್ಟವರಿಗೆ ನಿರ್ಮಾಣದ ಹಕ್ಕನ್ನು ಪ್ರಮಾಣಪತ್ರವಾಗಿ ಕೊಡುವ ಅವಕಾಶವಿದೆ. ಟಿಡಿಆರ್ ಎಂದು ಕರೆಯುವುದು ಇದನ್ನೇ. ಆ ಹಕ್ಕನ್ನು ಬೇರೆ ಕಡೆ ಕಟ್ಟುವವರಿಗೆ ಮಾರಬಹುದು. ಅಹಮದಾಬಾದಿನಲ್ಲಿ ಇದನ್ನು ಹಳೆಯ ಮನೆಗಳಿಗೂ ಅನ್ವಯಿಸಿದ್ದಾರೆ: ಪೋಳ್ ಎಂದು ಕರೆಯುವ ಇಕ್ಕಟ್ಟು ಕೇರಿಗಳ ಮರದ ಮನೆಯನ್ನು ಕೆಡವದೆ ಉಳಿಸಿಕೊಂಡ ಮಾಲೀಕ, ಅಲ್ಲಿ ಕಟ್ಟದೆ ಬಿಟ್ಟ ಅಂತಸ್ತುಗಳ ಹಕ್ಕನ್ನು ಹೊಸ ನಗರದಲ್ಲಿ ಮಾರಿ ಆ ಹಣದಲ್ಲಿ ದುರಸ್ತಿ ಮಾಡಿಸಿಕೊಳ್ಳಬಹುದು. 2017ರಲ್ಲಿ ಯುನೆಸ್ಕೊ ಭಾರತದ ಮೊದಲ ವಿಶ್ವ ಪರಂಪರೆಯ ನಗರವೆಂದು ಗುರುತಿಸಿದ್ದು ಆ ಊರನ್ನೇ. ತುಮಕೂರಿನಲ್ಲಿ ಹೊರವರ್ತುಲ ರಸ್ತೆಯಾಚೆ ಕಟ್ಟಡದ ಹಸಿವು ಎಷ್ಟಿದೆಯೆಂದರೆ ಚಿಕ್ಕಪೇಟೆಯ ಹಕ್ಕನ್ನು ಅಲ್ಲಿ ಕೊಳ್ಳುವವರು ಸಿಗದಿರಲಾರರು. ಆರು ಪಾಲುದಾರರು ಹಂಚಿಕೊಳ್ಳಬೇಕಾದದ್ದು ಆಗ ಇಟ್ಟಿಗೆ ಕಲ್ಲುಗಳನ್ನಲ್ಲ, ಹಣವನ್ನು.

ಈ ವಾದಕ್ಕೆ ಬರುವ ಮೊದಲ ಆಕ್ಷೇಪ ಸುರಕ್ಷತೆಯದು, ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ಜೋರು ಮಳೆ ಬಂದ ಪ್ರತಿ ವರ್ಷವೂ ಮಣ್ಣಿನ ಗೋಡೆ ಕುಸಿದ ಸುದ್ದಿ ಬರುತ್ತದೆ, ಜೀವಗಳು ಹೋಗುತ್ತವೆ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು ನಾಲ್ವರು ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ದುರಸ್ತಿ ನಡೆಯುತ್ತಿದ್ದಾಗಲೇ ಬಿತ್ತು. ಆಮೇಲೆ ಕೆಡವಬೇಕೋ ಉಳಿಸಬೇಕೋ ಎಂಬ ವಿವಾದ ವರ್ಷಗಟ್ಟಲೆ ಎಳೆಯಿತು. ಆದರೆ ಮಣ್ಣಿನ ಗೋಡೆ ಏಕೆ ಬೀಳುತ್ತದೆ? ನೀರು ಬುಡಕ್ಕೆ ಬಂದು ನಿಂತರೆ, ಇಲ್ಲವೇ ನೆತ್ತಿಯಿಂದ ಇಳಿದರೆ. ಹಳೆಯ ಪದ್ಧತಿಯಲ್ಲಿ ಮಳೆಗಾಲಕ್ಕೆ ಮೊದಲು ಹೆಂಚು ಕೈಯಾಡಿಸುವುದು, ಮಾಳಿಗೆಗೆ ಹೊಸ ಚೌಳು ಹಾಕುವುದು, ಗೋಡೆಯ ಬುಡ ಮೆತ್ತುವುದು ವರ್ಷವರ್ಷದ ಕೆಲಸವಾಗಿತ್ತು. ಆ ಕೆಲಸ ನಿಂತು, ಜೊತೆಗೆ ಬೀದಿಯ ಮಟ್ಟ ಡಾಂಬರಿನ ಮೇಲೆ ಡಾಂಬರು ಬಿದ್ದು ಏರುತ್ತ ಹೋಗಿ, ಚರಂಡಿಯ ನೀರು ಜಗಲಿಗಿಂತ ಎತ್ತರಕ್ಕೆ ಬಂದಾಗ ಗೋಡೆ ತಾಳುವುದಿಲ್ಲ. ಬೀದಿಯನ್ನು ಮತ್ತೆ ಹಳೆಯ ಮಟ್ಟಕ್ಕೆ ಕೆರೆದು ಡಾಂಬರು ಹಾಕುವುದು ಮನೆಗಳ ರಕ್ಷಣೆಗೆ ಪಾಲಿಕೆ, ಪುರಸಭೆಗಳು ಮಾಡಬಹುದಾದ ಅತಿ ದೊಡ್ಡ ಕೆಲಸ, ಅದಕ್ಕೆ ಯಾವ ಪರಂಪರೆ ಇಲಾಖೆಯೂ ಬೇಕಿಲ್ಲ. ಇಷ್ಟಾದ ಮೇಲೂ ಬಿದ್ದೇ ಬೀಳುವ ಸ್ಥಿತಿಯ ಮನೆಗಳಿರುತ್ತವೆ. ಅವನ್ನು ಬಿಚ್ಚಲೇಬೇಕು. ಅದೇ ಜಾಗದಲ್ಲಿ ಜಗಲಿ, ತೊಟ್ಟಿಗಳಿರುವ ಹೊಸ ಮನೆ ಕಟ್ಟಲು ನಿಯಮ ಅಡ್ಡಬರಬಾರದು ಎಂಬುದಷ್ಟೇ ನನ್ನ ಬೇಡಿಕೆ.

ಎರಡನೆಯ ಆಕ್ಷೇಪ ಇದಕ್ಕಿಂತ ಆಳವಾದದ್ದು. ಯಾರ ಗುರುತನ್ನು ಉಳಿಸುವ ಮಾತು ಇದು? ಜಗಲಿಯನ್ನು ನಾನು ಬೀದಿಯವರ ಕೂಟ ಎಂದೆ. ಆ ಬೀದಿಗೆ ಬರಲು ಎಲ್ಲರಿಗೂ ಅವಕಾಶವಿರಲಿಲ್ಲ. ಬಂದವರಲ್ಲೂ ಜಗಲಿಯ ಕೆಳಗೇ ನಿಲ್ಲಬೇಕಾದವರಿದ್ದರು. ಪಡಸಾಲೆಯವರೆಗೆ ಯಾರು, ನಡುಮನೆಯವರೆಗೆ ಯಾರು, ಅಡುಗೆಮನೆಯ ಹೊಸ್ತಿಲು ದಾಟುವವರು ಯಾರು ಎಂದು ಜಾತಿ ಗೆರೆ ಎಳೆದಿತ್ತು, ಮನೆಯ ಒಂದರ ಹಿಂದೊಂದು ಜೋಡಣೆ ಆ ಗೆರೆಗೆ ಅನುಕೂಲವಾಗಿಯೇ ಇತ್ತು. ಹೆಣ್ಣುಮಕ್ಕಳ ಬದುಕು ತೊಟ್ಟಿಯಿಂದ ಹಿತ್ತಿಲಿನವರೆಗಿನ ಕತ್ತಲೆಯಲ್ಲಿ ಕಳೆದುಹೋಗುತ್ತಿತ್ತು. ಇದೇ ಜಿಲ್ಲೆಯ ಕೆಲವು ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದವರನ್ನು, ಬಾಣಂತಿಯರನ್ನು ಹಟ್ಟಿಯಾಚೆ ಇರಿಸುವ ಪದ್ಧತಿ ಇತ್ತೀಚಿನವರೆಗೂ ನಡೆದುಬಂದಿದೆ; 2023ರಲ್ಲಿ ತುಮಕೂರು ತಾಲ್ಲೂಕಿನ ಒಂದು ಹಟ್ಟಿಯ ಹೊರಗೆ ಮಳೆಚಳಿಗೆ ಸಿಕ್ಕ ಹಸುಗೂಸು ತೀರಿಕೊಂಡದ್ದನ್ನು ಮರೆಯಲಾಗದು. ಜಾಗದ ಜೋಡಣೆ ಮುಗ್ಧವಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಗುಡಿಸಲಿನಲ್ಲಿ ಬದುಕಿದ ಕುಟುಂಬಕ್ಕೆ ಸರ್ಕಾರದ ವಸತಿ ಯೋಜನೆಯಲ್ಲಿ ಸಿಕ್ಕ ಎರಡು ಕೋಣೆಯ ತಾರಸಿ ಮನೆ ಸೋರದ ಸೂರಷ್ಟೇ ಅಲ್ಲ, ಮರ್ಯಾದೆಯೂ ಹೌದು. ಅವರ ಮುಂದೆ ನಿಂತು ಮಣ್ಣಿನ ಮನೆಯ ಚೆಲುವನ್ನು ಹೊಗಳುವ ಹಕ್ಕು ಯಾರಿಗೂ ಇಲ್ಲ.

ಈ ಮಾತನ್ನು ಪೂರ್ತಿ ಒಪ್ಪಿಕೊಂಡೇ ನನ್ನ ಉತ್ತರ ಹೇಳುತ್ತೇನೆ. ಕಟ್ಟುಪಾಡು ಮನೆಯಲ್ಲಿ ನೆಲೆಸಿತ್ತು ನಿಜ. ಆದರೆ ಬಡಾವಣೆಯ ಬಂಗಲೆಗೆ ಹೋದಾಗ ಅದು ಹಳೆಯ ಮನೆಯಲ್ಲೇ ಉಳಿಯಲಿಲ್ಲ, ಜೊತೆಗೇ ಹೋಯಿತು. ಬಾಡಿಗೆಗೆ ಮನೆ ಹುಡುಕುವಾಗ ಜಾತಿ, ಧರ್ಮ, ಊಟದ ಪ್ರಶ್ನೆ ಎದುರಿಸಿದ ಯಾರನ್ನು ಕೇಳಿದರೂ ಇದು ತಿಳಿಯುತ್ತದೆ. ಕಾಂಕ್ರೀಟಿನಿಂದ ಸಮಾನತೆ ಬರುವುದಿಲ್ಲ, ಮಣ್ಣಿನಿಂದ ಅಸಮಾನತೆ ಹುಟ್ಟುವುದಿಲ್ಲ. ಇನ್ನೊಂದೆಡೆ, ಜಗಲಿ ಯಾವುದೋ ಒಂದು ಜಾತಿಯ ಸೊತ್ತೂ ಆಗಿರಲಿಲ್ಲ. ನೇಕಾರರ ಮಗ್ಗದ ಮನೆಗೆ, ಕುಂಬಾರರ ಮನೆಗೆ, ಮುಸ್ಲಿಂ ಮೊಹಲ್ಲಾಗಳ ಮನೆಗೆ, ದಲಿತ ಕೇರಿಗಳ ಒಂದಂಕಣದ ಮನೆಗೂ ಮುಂದೊಂದು ಕಟ್ಟೆಯಿತ್ತು, ಅದರ ಮೇಲೆ ದಿನದ ಅರ್ಧ ಬದುಕು ನಡೆಯುತ್ತಿತ್ತು. ಪರಂಪರೆಯ ಪಟ್ಟಿ ಮಾಡಲು ಹೊರಟವರು ಅಗ್ರಹಾರದ ಮತ್ತು ಸಾಹುಕಾರರ ಮನೆಗಳನ್ನಷ್ಟೇ ಬರೆದುಕೊಂಡರೆ ಆಕ್ಷೇಪ ಎತ್ತಿದವರು ಸರಿ, ನಾನು ತಪ್ಪು. ವಸತಿ ಯೋಜನೆಗಳಿಗೆ ಈ ವಾದ ಇನ್ನೂ ಹೆಚ್ಚು ಅನ್ವಯಿಸುತ್ತದೆ. ಅಲ್ಲಿ ಸರ್ಕಾರವೇ ನಕ್ಷೆ ಬರೆಯುತ್ತದೆ; ಆ ನಕ್ಷೆಯಲ್ಲಿ ನಾಲ್ಕಡಿ ಅಗಲದ ಜಗಲಿಯೊಂದನ್ನು ಸೇರಿಸಿದರೆ ಬೀಡಿ ಕಟ್ಟುವ, ಹೂ ಕಟ್ಟುವ, ಊದುಬತ್ತಿ ಹೊಸೆಯುವ ಹೆಂಗಸರಿಗೆ ನೆರಳೂ ಬೆಳಕೂ ಇರುವ ಕೆಲಸದ ಜಾಗ ಸಿಗುತ್ತದೆ.

ಸಾಮಗ್ರಿ ಎಲ್ಲಿ, ಕೆಲಸದವರೆಲ್ಲಿ ಎಂಬುದು ಮೂರನೆಯ ಪ್ರಶ್ನೆ. ಇದಕ್ಕೆ ಉತ್ತರ ಕುಣಿಗಲ್ ತಾಲ್ಲೂಕಿನಲ್ಲೇ ಇದೆ, ಹಿತ್ತಲ ಗಿಡ ಮದ್ದಲ್ಲ ಎಂಬಂತೆ ನಾವು ಅದನ್ನು ಮರೆತಿದ್ದೇವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳುತನದಲ್ಲಿ ಅಸ್ತ್ರ ಎಂಬ ಕೇಂದ್ರ ಹುಟ್ಟಿತು. ವಿಜ್ಞಾನವನ್ನು ಹಳ್ಳಿಯ ಅಗತ್ಯಗಳಿಗೆ ತಿರುಗಿಸುವುದು ಅದರ ಗುರಿ. ಅದರ ವಿಸ್ತರಣಾ ಕೇಂದ್ರ ನೆಲೆ ನಿಂತದ್ದು ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ. ಹೊಗೆ ಕಡಿಮೆ ಮಾಡುವ ಅಸ್ತ್ರ ಒಲೆ ಬಹಳ ಜನರಿಗೆ ಗೊತ್ತು. ಅದೇ ಬಳಗದಲ್ಲಿ ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಮಣ್ಣಿನ ಗೋಡೆಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ಸ್ಥಳದ ಕೆಂಪು ಮಣ್ಣಿಗೆ ಬೇಕಿದ್ದಷ್ಟು ಮರಳು, ಶೇಕಡಾ ಏಳರ ಆಸುಪಾಸು ಸಿಮೆಂಟು ಬೆರೆಸಿ, ಕೈಯಿಂದ ಎಳೆಯುವ ಯಂತ್ರದಲ್ಲಿ ಒತ್ತಿ, ಕೆಲವು ವಾರ ನೀರುಣಿಸಿ ಒಣಗಿಸಿದರೆ ಸುಡದೆಯೇ ಗಟ್ಟಿಯಾದ ಇಟ್ಟಿಗೆ ಸಿದ್ಧ. ಎರಡು ಮೂರು ಅಂತಸ್ತಿನ ಭಾರವನ್ನೂ ಅದು ಹೊರುತ್ತದೆ. ಸುಡಲು ಸೌದೆ ಬೇಡ, ದೂರದಿಂದ ಲಾರಿ ಬೇಡ, ಮಳೆಗೆ ಕರಗುವ ಭಯವೂ ಇಲ್ಲ. ಹಳೆಯ ಗೋಡೆಯ ತಂಪು, ಹೊಸ ಗೋಡೆಯ ಬಲ ಎರಡೂ ಬೇಕೆನ್ನುವವರಿಗೆ ಇದಕ್ಕಿಂತ ಹತ್ತಿರದ ಉತ್ತರ ಇನ್ನೊಂದಿಲ್ಲ. ಹಳೆಯ ಮನೆ ಬಿಚ್ಚಿದಾಗ ಸಿಗುವ ತೊಲೆ, ಕಂಬ, ಬಾಗಿಲುಗಳು ಇಂದು ಬೆಂಗಳೂರಿನ ಹೋಟೆಲು, ರೆಸಾರ್ಟುಗಳ ಅಲಂಕಾರಕ್ಕೆ ಮಾರಾಟವಾಗುತ್ತಿವೆ. ಅದೇ ಬೀದಿಯಲ್ಲಿ ಮರುಬಳಕೆಯಾದರೆ ಅಲ್ಲಿನ ಬಡಗಿಗೆ ಕೆಲಸ, ಗಾರೆಯವನಿಗೆ ಕೆಲಸ. ಕೆಲಸವಿದ್ದರೆ ಕೆಲಸಗಾರ ಉಳಿಯುತ್ತಾನೆ.

ಅಂದ ಮೇಲೆ ಕೆಲವು ಒಳ್ಳೆಯ ಮನೆಗಳನ್ನು ಎತ್ತಿ ಒಂದೆಡೆ ಕೂರಿಸಿಬಿಡಬಾರದೇ ಎಂದು ಕೇಳುವವರಿದ್ದಾರೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅಂಥ ಅಸಾಧಾರಣ ಕೆಲಸ ಮಾಡಿದರು. ಹಸ್ತ ಶಿಲ್ಪ ಪರಂಪರೆಯ ಹಳ್ಳಿಯಲ್ಲಿ ಕುಂಜೂರಿನ ಚೌಕಿ ಮನೆ, ಕುಕನೂರಿನ ಕಮಲ್ ಮಹಲ್ ಮೊದಲಾದವನ್ನು ತುಂಡು ತುಂಡಾಗಿ ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು. ಅವರಿಲ್ಲದಿದ್ದರೆ ಆ ಮನೆಗಳು ಇಂದು ಎಲ್ಲೂ ಇರುತ್ತಿರಲಿಲ್ಲ. ಅದು ಕೊನೆಯ ಉಪಾಯ. ಮನೆ ಸಿಗುತ್ತದೆ, ಬೀದಿ ಸಿಗುವುದಿಲ್ಲ. ಇದಕ್ಕೆ ವಿರುದ್ಧವಾದ ಅಪಾಯ ಮಲೇಷ್ಯಾದ ಜಾರ್ಜ್‌ಟೌನಿನಲ್ಲಿ ಕಂಡಿತು. ಅಲ್ಲಿ 2000ದಲ್ಲಿ ಬಾಡಿಗೆ ನಿಯಂತ್ರಣ ಕಾನೂನು ರದ್ದಾಯಿತು, 2008ರಲ್ಲಿ ಮೆಲಕದ ಜೊತೆಗೆ ಆ ಊರು ಯುನೆಸ್ಕೊ ಪಟ್ಟಿಗೆ ಸೇರಿತು. ಗೋಡೆಗಳು ಬಣ್ಣ ಕಂಡವು, ಬಾಡಿಗೆ ಏರಿತು, ತಲೆಮಾರುಗಳಿಂದ ಅಂಗಡಿಯ ಮೇಲೆ ವಾಸವಿದ್ದ ಅನೇಕ ಕುಟುಂಬಗಳು ಜಾಗ ಖಾಲಿ ಮಾಡಿದವು, ಅಲ್ಲಿ ಹೋಟೆಲು ಕೆಫೆಗಳು ಬಂದವು. ತುಮಕೂರಿಗೆ ಅಷ್ಟು ಪ್ರವಾಸಿಗರು ಬರುವ ಸಂಭವ ಸದ್ಯಕ್ಕಿಲ್ಲ, ನನ್ನ ಮಟ್ಟಿಗೆ ಅದು ಒಳ್ಳೆಯದೇ. ಮನೆಯವರು ಮನೆಯಲ್ಲೇ ಇದ್ದು, ಅಂಗಡಿಯವರು ಜಗಲಿಯಲ್ಲೇ ವ್ಯಾಪಾರ ಮಾಡುತ್ತಿರುವ ಪೇಟೆ ಉಳಿಸುವ ಅವಕಾಶ ಇಂಥ ಊರಿಗೇ ಹೆಚ್ಚು.

ಆಗಬೇಕಾದ ಕೆಲಸ ದೊಡ್ಡದಲ್ಲ, ಆದರೆ ಈಗಲೇ ಆಗಬೇಕು. ಪಾಲಿಕೆ ತುಮಕೂರಿನ ಚಿಕ್ಕಪೇಟೆ, ಮಂಡಿಪೇಟೆ, ಹೊರಪೇಟೆ, ಅಗ್ರಹಾರಗಳ ಬೀದಿಗಳನ್ನು ಸಾಲು ಸಾಲಾಗಿ ಅಳೆದು ಎಲ್ಲೆಲ್ಲಿ ಜಗಲಿಯ ಸಾಲು ಇನ್ನೂ ಮುರಿಯದೆ ಇದೆ ಎಂದು ಗುರುತಿಸಬೇಕು. ಗುಬ್ಬಿ, ಕುಣಿಗಲ್‌ಗಳಲ್ಲಿ ಅಲ್ಲಲ್ಲಿನ ಸ್ಥಳೀಯ ಸಂಸ್ಥೆಗಳು ಇದನ್ನೇ ಮಾಡಬೇಕು. ಎಂಜಿನಿಯರಿಂಗ್ ಕಾಲೇಜುಗಳಿರುವ ಊರಿನಲ್ಲಿ ಅಳತೆಗೆ ವಿದ್ಯಾರ್ಥಿಗಳ ಕೊರತೆಯಿಲ್ಲ. ಗುರುತಾದ ಸಾಲುಗಳಲ್ಲಿ ನಿಯಮ ತಿರುಗಬೇಕು: ಪಕ್ಕದ ಸೆಟ್‌ಬ್ಯಾಕ್ ಬೇಡ, ಹಂಚಿಕೊಂಡ ಗೋಡೆಗೆ ಒಪ್ಪಿಗೆ, ಒಳಗೆ ತೊಟ್ಟಿ ಬಿಟ್ಟರೆ ಅದನ್ನೇ ಗಾಳಿ ಬೆಳಕಿನ ಜಾಗವೆಂದು ಲೆಕ್ಕ, ಬೀದಿ ಅಂಚಿನಲ್ಲಿ ಜಗಲಿ ಕಡ್ಡಾಯ, ಮೇಲಿನ ಅಂತಸ್ತು ಬೇಕಾದರೆ ಬೀದಿಯಿಂದ ಹಿಂದೆ ಸರಿದು. ಕಟ್ಟದೆ ಬಿಟ್ಟ ಅಂತಸ್ತಿಗೆ ಟಿಡಿಆರ್. ಬೆಂಕಿಯ ಭಯಕ್ಕೆ ಹಂಚಿಕೊಂಡ ಗೋಡೆ ಸೂರಿನಿಂದ ಮೇಲಕ್ಕೆ ಎದ್ದಿರಬೇಕೆಂಬ ನಿಯಮ ಸಾಕು.

ಪೇಟೆಗಿಂತ ಹೆಚ್ಚಿನ ಆತುರ ಹಳ್ಳಿಗಳ ವಿಷಯದಲ್ಲಿದೆ. ಕೋರ ಹೋಬಳಿಯ ವಸಂತನರಸಾಪುರದಲ್ಲಿ ಕೈಗಾರಿಕೆಗಳು ಬಂದು ಸುತ್ತಲ ಊರುಗಳ ಹೊಲಗಳು ಬಡಾವಣೆಗಳಾಗುತ್ತಿವೆ. ಚೆನ್ನೈ-ಬೆಂಗಳೂರು ಕೈಗಾರಿಕಾ ಕಾರಿಡಾರಿನ ಭಾಗವಾಗಿ 8,484 ಎಕರೆಯ ಕೈಗಾರಿಕಾ ಟೌನ್‌ಶಿಪ್‌ಗೆ 2023ರ ಫೆಬ್ರುವರಿ 6ರಂದು ಶಂಕುಸ್ಥಾಪನೆಯಾಯಿತು. ಅದೇ ದಿನ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಇಂಥ ಕಡೆ ಭೂಮಿಯೆಲ್ಲ ಯೋಜನೆಗೆ ಹೋದ ಮೇಲೆ ನಡುನಡುವೆ ಉಳಿಯುವುದು ಹಳ್ಳಿಯ ಗ್ರಾಮಠಾಣಾ ಮಾತ್ರ. ಜಗಲಿ, ಕಟ್ಟೆ, ಅರಳಿಮರ, ಗುಡಿ, ಗೋಡೆಗೆ ಗೋಡೆ ತಾಗಿದ ಮನೆಗಳ ಓಣಿ ಎಲ್ಲ ಇರುವುದು ಆ ಗಡಿಯೊಳಗೆ. ಕೆಲಸಕ್ಕೆ ಬರುವ ಕಾರ್ಮಿಕರಿಗೆ ಬಾಡಿಗೆ ಮನೆ ಬೇಕು, ಊರಿನವರಿಗೆ ಆ ಬಾಡಿಗೆ ಬೇಕು. ಹೀಗಾಗಿ ಅಲ್ಲಿ ಮೇಲೆ ಮೇಲೆ ಅಂತಸ್ತು ಏರಿಸುವ ಒತ್ತಡ ಪೇಟೆಗಿಂತ ಜೋರಾಗಿರುತ್ತದೆ. ಬೆಂಗಳೂರಿನ ಸುತ್ತ ನೂರಾರು ಹಳ್ಳಿಗಳು ಹೀಗೆ ಗಾಳಿ ಬೆಳಕಿಲ್ಲದ ಬಾಡಿಗೆ ಕೋಣೆಗಳ ಗೂಡಾದವು. ತೊಟ್ಟಿಯ ಸುತ್ತ ಎಂಟು ಹತ್ತು ಬಾಡಿಗೆ ಕೋಣೆ, ಮುಂದೆ ಜಗಲಿ, ಉಂಗ್ರದ ಇಟ್ಟಿಗೆಯ ಗೋಡೆ ಇರುವ ಎರಡಂತಸ್ತಿನ ಮನೆ ಕಟ್ಟಲು ಕಷ್ಟವೇನಿಲ್ಲ; ಬಾಡಿಗೆಯೂ ಬರುತ್ತದೆ, ಉಸಿರಾಡುವ ಜಾಗವೂ ಇರುತ್ತದೆ. ಅಂಥ ನಕ್ಷೆಗಳನ್ನು ಮೊದಲೇ ಬರೆಸಿ, ಮಂಜೂರಾತಿ ಸಮೇತ ಗ್ರಾಮ ಪಂಚಾಯಿತಿಯಲ್ಲಿ ಪುಕ್ಕಟೆಯಾಗಿ ಸಿಗುವಂತೆ ಮಾಡುವುದು ನಗರಾಭಿವೃದ್ಧಿ ಪ್ರಾಧಿಕಾರಕ್ಕೂ ಜಿಲ್ಲಾ ಪಂಚಾಯಿತಿಗೂ ಕೈಲಾಗದ ಕೆಲಸವಲ್ಲ. ಗ್ರಾಮಠಾಣಾದೊಳಗಿನ ಹೆಚ್ಚಿನ ಮನೆಗಳು ಇನ್ನೂ ಹಳೆಯ ಪಾಯದ ಮೇಲೇ ನಿಂತಿರುವಾಗ, ಮೊದಲ ನಾಲ್ಕಂತಸ್ತು ಏಳುವ ಮುಂಚೆ, ಆ ನಕ್ಷೆಗಳು ಪಂಚಾಯಿತಿ ಕಚೇರಿಯಲ್ಲಿರಬೇಕು.